ಉತ್ತರದ ಗೋಡೆಯಲ್ಲಿ ಒಬ್ಬನೇ

1937ರ ಸೆಪ್ಟೆಂಬರ್. ಇಟಲಿಯ ಡೊಲೊಮೈಟ್ ಸಾಲಿನಲ್ಲಿ, ಚೀಮಾ ಗ್ರಾಂಡೆ ಶಿಖರದ ಬುಡದಲ್ಲಿ ನಿಂತಿದ್ದೀರಿ. ಉತ್ತರಕ್ಕೆ ಮುಖ ಮಾಡಿದ ಈ ಗೋಡೆಗೆ ಬಿಸಿಲು ತಾಗುವುದೇ ಅಪರೂಪ. ಮುಟ್ಟಿದರೆ ಕಲ್ಲು ಕೊರೆಯುತ್ತದೆ. ಎತ್ತರ 500 ಮೀಟರಿಗೂ ಹೆಚ್ಚು. ಕೆಳಗಿನ ಭಾಗವಂತೂ ನೆಟ್ಟಗೂ ಇಲ್ಲ, ನಿಮ್ಮ ತಲೆಯ ಮೇಲಕ್ಕೆ ಚಾಚಿಕೊಂಡು ಬಾಗಿದೆ.

ಎಮಿಲಿಯೊ ಕೊಮಿಚಿ ಹತ್ತತೊಡಗಿದ್ದಾನೆ. ವಯಸ್ಸು 36. ಜೊತೆಗೆ ಯಾರೂ ಇಲ್ಲ. ಬೆರಳು ಅಂಗುಲದಷ್ಟು ಅಂಚೊಂದನ್ನು ತಡಕುತ್ತದೆ, ಅಲುಗಿಸಿ ನೋಡುತ್ತದೆ. ಇಲ್ಲಿನ ಕಲ್ಲು ಕೈಗೇ ಕಿತ್ತುಬರುವುದುಂಟು. ಗಟ್ಟಿ ಎಂದು ಖಾತ್ರಿಯಾದ ಮೇಲಷ್ಟೇ ಭಾರ ಬಿಡುತ್ತಾನೆ. ಕಾಲ ಬಳಿಯಿಂದ ಉದುರಿದ ಹರಳೊಂದು ಗೋಡೆಗೆ ಎಲ್ಲೂ ತಾಗದೆ, ಬುಡದಿಂದ ದೂರಕ್ಕೆ ಬಂದು ಬೀಳುತ್ತದೆ. ಕೈ ತಪ್ಪಿದರೆ ಅವನೂ ಅಲ್ಲಿಗೇ.

ಸೀಳುಗಳಲ್ಲಿ ಹಳೆಯ ಕಬ್ಬಿಣದ ಮೊಳೆಗಳಿವೆ. 1933ರ ಆಗಸ್ಟ್‌ನಲ್ಲಿ ಕೊರ್ತಿನಾದ ಅಣ್ಣತಮ್ಮಂದಿರಾದ ಆಂಜೆಲೊ ಮತ್ತು ಜುಸೆಪ್ಪೆ ದಿಮಾಯ್ ಜೊತೆ ಈ ಗೋಡೆಯನ್ನು ಮೊದಲು ಗೆದ್ದವನು ಇವನೇ. ಮೊಳೆ ಬಡಿಯುವುದು, ಹಗ್ಗದ ಕುಣಿಕೆ ನೇತುಹಾಕುವುದು, ಅದರಲ್ಲಿ ಕಾಲೂರಿ ಎದ್ದು ಮುಂದಿನ ಮೊಳೆ ಬಡಿಯುವುದು. ಗೋಡೆಯಲ್ಲೇ ರಾತ್ರಿ ಕಳೆದು, ಆಗಸ್ಟ್ 14ರಂದು ತುದಿ ಮುಟ್ಟಿದರು. ಸುತ್ತಿಗೆ ಹಿಡಿದು ಹತ್ತುವುದೂ ಒಂದು ಹತ್ತುವಿಕೆಯೇ ಎಂದು ಮೂಗು ಮುರಿದವರಿಗೇನೂ ಕೊರತೆಯಿರಲಿಲ್ಲ.

ಟ್ರಿಯೆಸ್ತೆ ಬಂದರಿನಲ್ಲಿ ನೌಕರನಾಗಿದ್ದವನು ಕೊಮಿಚಿ. ಮೊದಮೊದಲು ಗುಹೆಗಳಿಗೆ ಇಳಿಯುವ ಗೀಳು, ಆಮೇಲೆ ಬಂಡೆ. ಊರ ಪಕ್ಕದ ವಾಲ್ ರೊಸಾಂದ್ರಾ ಕಣಿವೆಯಲ್ಲಿ ಬಂಡೆ ಹತ್ತುವುದನ್ನು ಕಲಿಸುವ ಶಾಲೆಯನ್ನೂ ಕಟ್ಟಿದ. ಶಿಖರದಿಂದ ಬಿದ್ದ ನೀರಹನಿ ಹಿಡಿಯುವ ಗೆರೆಯಲ್ಲೇ ತನ್ನ ದಾರಿ ಸಾಗಬೇಕೆಂಬುದು ಅವನ ಆಸೆ.

ಇಂದು ಹಳೆಯ ಮೊಳೆಗಳ ಆಸರೆ ಇದ್ದರೂ, ಬಾಗಿದ ಬಂಡೆಯಲ್ಲಿ ಮೈಭಾರ ಹೊರಬೇಕಾದ್ದು ಅವನ ತೋಳೇ. ಬೆದರಿದರೆ ಧೈರ್ಯ ಹೇಳುವವರಿಲ್ಲ, ಸುಸ್ತಾದರೆ ಹಗ್ಗ ಬಿಗಿಹಿಡಿಯುವವರಿಲ್ಲ. ನಾಲ್ಕು ಗಂಟೆ ತುಂಬುವ ಮೊದಲೇ ತುದಿಯಲ್ಲಿದ್ದಾನೆ. ಟೀಕೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ.

ಮೂರು ವರ್ಷಗಳ ನಂತರ, 1940ರ ಅಕ್ಟೋಬರ್‌ನಲ್ಲಿ, ಸೆಲ್ವಾ ಊರಿನ ಬಳಿ ಅಭ್ಯಾಸದ ಚಿಕ್ಕ ಬಂಡೆಯೊಂದರಲ್ಲಿ ಹಳೆಯ ಹಗ್ಗ ತುಂಡಾಗಿ ಬಿದ್ದು ಸತ್ತ. ಆಗ ಅವನಿಗೆ 39. ಮೊಳೆಯ ಜಗಳ ಆರೋಹಿಗಳ ನಡುವೆ ಇನ್ನೂ ನಿಂತಿಲ್ಲ. ಹಾಗೆ ಜಗಳವಾಡುವವರೂ ಬೇಸಿಗೆ ಬಂತೆಂದರೆ ಕೊಮಿಚಿ–ದಿಮಾಯ್ ದಾರಿಯ ಬುಡದಲ್ಲಿ ಸರದಿ ಕಾಯುತ್ತಾರೆ.