ನೆಲ ನಿಜವಾಗಿಯೂ ಡೊಂಕಿತ್ತು

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯನ್ನು ನಾವು ಈ ಬಾಳಿನಲ್ಲಿ ಎಷ್ಟು ಸಲ ಆಡಿದ್ದೇವೆಯೋ ಲೆಕ್ಕವಿಲ್ಲ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಗುರುಗಳ ಬಾಯಿಂದ ಕೇಳಿದ ಈ ಮಾತು, ಮುಂದೆ ನಾವೇ ಬೋಧಕರಾದಾಗ ನಾಲಗೆಯ ತುದಿಯಲ್ಲಿ ನೆಲೆಸಿತು. ಅರವತ್ತು ದಾಟಿದ ಮೇಲೆ ಇದೇ ಗಾದೆಯನ್ನು ಸಲ್ಲದ ಕಡೆಯಲ್ಲಿ ಪ್ರಯೋಗಿಸಿ ಎಳೆಯ ಮನಸ್ಸೊಂದನ್ನು ನೋಯಿಸಿದ ಪ್ರಸಂಗ ನಮ್ಮ ಮನೆಯಲ್ಲಿಯೇ ನಡೆಯಿತು. ಅದನ್ನು ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ತೋರಿದೆ.

ನಮ್ಮ ಮೊಮ್ಮಗ ಎಂಜಿನಿಯರಿಂಗ್ ವಿದ್ಯಾರ್ಥಿ. ರಜೆಗೆ ಬಂದವನು ಹಗಲಿರುಳೂ ‘ಕೌಂಟರ್-ಸ್ಟ್ರೈಕ್ 2’ ಎಂಬ ಗಣಕಯಂತ್ರದ ಆಟದಲ್ಲಿ ಮುಳುಗಿರುತ್ತಿದ್ದನು. ‘ಹಾಫ್-ಲೈಫ್’ ಎಂಬ ಆಟದ ಮಾರ್ಪಾಡಾಗಿ 1999ರಲ್ಲಿ ಹುಟ್ಟಿದ ಕೌಂಟರ್-ಸ್ಟ್ರೈಕ್, 2023ರ ಸೆಪ್ಟೆಂಬರಿನಲ್ಲಿ ಈ ಹೊಸ ರೂಪವನ್ನು ತಾಳಿತಂತೆ. ಐದೈದು ಜನರ ಎರಡು ತಂಡಗಳು; ಆಟಗಾರನು ತನ್ನ ಪಾತ್ರದ ಕಣ್ಣಿನಿಂದಲೇ ರಂಗವನ್ನು ಕಾಣುತ್ತ ಬಂದೂಕಿನ ಗುರಿ ಹಿಡಿಯಬೇಕು. ಬಂದೂಕಿನ ಆಟ ನಮಗೆ ರುಚಿಸುವುದಿಲ್ಲ. ಅದನ್ನು ಅವನೂ ಬಲ್ಲ. ಆದರೆ ಕಾಲೇಜುಗಳ ನಡುವಣ ಪಂದ್ಯವೊಂದಕ್ಕೆ ಅವನ ತಂಡ ಹೆಸರು ಕೊಟ್ಟಿತ್ತು. ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ಹಣದಿಂದ ಅವನು ಹೊಸ ಮಾನಿಟರನ್ನೂ ಕೊಂಡು ತಂದಿದ್ದನು. ಆದರೂ ಸೋಲಿನ ಮೇಲೆ ಸೋಲು.

“ಅಜ್ಜಾರ, ನನ್ನ ಕೈ ಹೇಳಿದ್ದನ್ನ ಮೌಸ್ ಕೇಳವಲ್ದು” ಎಂದು ಒಂದು ಸಂಜೆ ಅವನು ನೊಂದು ನುಡಿದಾಗ, ನಾವು ಮನೆಯವರೆಲ್ಲರ ಎದುರಿಗೆ ಆ ಗಾದೆಯನ್ನು ಆಡಿಬಿಟ್ಟೆವು. ಎಲ್ಲರೂ ನಕ್ಕರು. ಹುಡುಗ ನಗಲಿಲ್ಲ. ಎರಡು ದಿನ ನಮ್ಮೊಡನೆ ಮಾತನ್ನೇ ಆಡಲಿಲ್ಲ.

ಮೂರನೆಯ ದಿನ ನಾವೇ ಹೋಗಿ ಅವನ ಮಗ್ಗುಲಲ್ಲಿ ಕುಳಿತೆವು. ಹಸ್ತಪ್ರತಿಯಲ್ಲಿ ಅರ್ಥ ಕೂಡದ ಸಾಲು ಕಂಡಾಗ ಕವಿಯನ್ನು ದೂರುವ ಮುನ್ನ ಪ್ರತಿಕಾರನ ಕೈತಪ್ಪನ್ನು ಹುಡುಕಬೇಕೆಂದು ನಾವೇ ಶಿಷ್ಯರಿಗೆ ಬೋಧಿಸಿದವರಲ್ಲವೇ? “ಎಲ್ಲವನ್ನೂ ಮೊದಲಿನಿಂದ ಹೇಳಪ್ಪಾ” ಎಂದೆವು.

ಮೌಸಿಗೆ ಡಿಪಿಐ ಎಂಬ ಒಂದು ಅಳತೆ. ಮೇಜಿನ ಮೇಲೆ ಒಂದು ಅಂಗುಲ ಸರಿದರೆ ಅದು ಎಷ್ಟು ಎಣಿಕೆಗಳನ್ನು ಕಳುಹಿಸುತ್ತದೆ ಎಂಬುದು ಅದರ ಅರ್ಥ. ಆಟದೊಳಗೆ ಸೆನ್ಸಿಟಿವಿಟಿ ಎಂಬ ಇನ್ನೊಂದು ಅಂಕಿ. ಇವೆರಡರ ಗುಣಲಬ್ಧವೇ ಕೈಯ ನಿಜವಾದ ವೇಗ. ನಮ್ಮ ಹುಡುಗ ಹೆಸರಾಂತ ಆಟಗಾರನೊಬ್ಬನ ಸೆನ್ಸಿಟಿವಿಟಿ 2 ಎಂದು ಓದಿ ತಾನೂ 2 ಎಂದೇ ಇಟ್ಟುಕೊಂಡಿದ್ದನು. ಆದರೆ ಆ ಆಟಗಾರನ ಮೌಸು 400 ಡಿಪಿಐ, ಇವನದು 1600! ಎರಡು ಪಾವು ಅಕ್ಕಿ ಎಂದು ಹೇಳಿದ್ದನ್ನು ಎರಡು ಸೇರು ಎಂದು ತಿಳಿದು ಎಸರಿಗೆ ಹಾಕಿದಂತಾಯಿತು; ಸರಿಯಾಗಿ ನಾಲ್ಕು ಪಟ್ಟು. ಕಾಗದದ ಮೇಲೆ ಲೆಕ್ಕ ಹಾಕಿದೆವು. ಆ ಆಟಗಾರನು ಒಂದು ಪೂರ್ಣ ಸುತ್ತು ತಿರುಗಲು ಮೌಸನ್ನು ಸುಮಾರು 52 ಸೆಂಟಿಮೀಟರ್ ಸರಿಸಬೇಕು. ಇವನಿಗೆ 13 ಸಾಕು. ಹೀಗಿದ್ದಮೇಲೆ ಕೂದಲೆಳೆಯಷ್ಟು ಕೈ ಅಲುಗಿದರೂ ಗುರಿ ತಪ್ಪದೆ ಇನ್ನೇನಾದೀತು?

ಎರಡನೆಯ ದೋಷ ಮಾನಿಟರಿನಲ್ಲಿತ್ತು. ಅದು ಸೆಕೆಂಡಿಗೆ 144 ಸಲ ಚಿತ್ರವನ್ನು ಹೊಸದಾಗಿಸಬಲ್ಲದು. ಆದರೆ ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ಅದು 60ಕ್ಕೇ ನಿಂತಿತ್ತು. ಬದಲಾಯಿಸಬೇಕೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಚಿತ್ರದಿಂದ ಚಿತ್ರಕ್ಕೆ 7 ಮಿಲಿಸೆಕೆಂಡು ಸಾಲುವ ಕಡೆ ಸುಮಾರು 17 ಹಿಡಿಯುತ್ತಿತ್ತು. ದುಡಿದು ತಂದ ದೀಪದ ಬತ್ತಿಯನ್ನು ತಿಂಗಳುಗಟ್ಟಲೆ ಮೇಲಕ್ಕೆತ್ತದೆಯೇ ಉರಿಸಿದಂತಾಗಿತ್ತು. ನಮಗೆ ಮುಖ ತಗ್ಗಿತು. “ತಪ್ಪು ನಮ್ಮದಪ್ಪಾ, ನೆಲ ನಿಜವಾಗಿಯೂ ಡೊಂಕಿತ್ತು” ಎಂದೆವು. ಆಗ ಅವನು ನಕ್ಕನು.

ಬಳಿಕ ಕೀಲಿಮಣೆಯ ಸರದಿ. ಎಡಗೈ ಬೆರಳುಗಳು ಡಬ್ಲ್ಯು, ಎ, ಎಸ್, ಡಿ ಎಂಬ ನಾಲ್ಕು ಕೀಲಿಗಳ ಮೇಲೆ ಕೂರುತ್ತವೆ, ಅವೇ ನಡಿಗೆ. ಈ ಕ್ರಮ ಹರಡಲು ಬಹುಮಟ್ಟಿಗೆ ಕಾರಣನಾದವನು ಡೆನಿಸ್ ಫಾಂಗ್ ಎಂಬ ಅಮೆರಿಕದ ಆಟಗಾರ. 1997ರಲ್ಲಿ ‘ಕ್ವೇಕ್’ ಆಟದ ಪಂದ್ಯವನ್ನು ಗೆದ್ದು, ಆ ಆಟವನ್ನು ರೂಪಿಸಿದವರಲ್ಲೊಬ್ಬನಾದ ಜಾನ್ ಕಾರ್ಮ್ಯಾಕ್‌ನ ಫೆರಾರಿ ಕಾರನ್ನೇ ಬಹುಮಾನವಾಗಿ ಪಡೆದವನು. ಕೌಂಟರ್-ಸ್ಟ್ರೈಕಿನಲ್ಲಿ ಓಡುತ್ತ ಹೊಡೆದರೆ ಗುಂಡು ಚದುರುತ್ತದೆ. ಎಡಕ್ಕೆ ಸರಿಯುತ್ತಿರುವವನು ಬಲದ ಕೀಲಿಯನ್ನು ಕ್ಷಣಮಾತ್ರ ಒತ್ತಿ ನಿಂತು ಹೊಡೆಯಬೇಕು. ಆದಕಾರಣ ಈ ನಾಲ್ಕು ಕೀಲಿಗಳಿಂದ ಬೆರಳು ಕದಲದಂತೆ ಉಳಿದವನ್ನು ಜೋಡಿಸುವುದೇ ಜಾಣತನ. ಹೊಗೆಬಾಂಬು, ಕಣ್ಣು ಕೋರೈಸುವ ಬಾಂಬುಗಳಿಗಾಗಿ ಇವನು 4ನ್ನು ಮತ್ತೆ ಮತ್ತೆ ಒತ್ತಿ ಹುಡುಕುತ್ತಿದ್ದನು. ಒಂದೊಂದಕ್ಕೂ ಹೆಬ್ಬೆರಳ ಸನಿಹದಲ್ಲಿ ಬೇರೆ ಬೇರೆ ಕೀಲಿ ಇಟ್ಟುಕೊಂಡನು. ಗುರಿಚಿಹ್ನೆಯನ್ನು ಚಿಕ್ಕದಾಗಿಸಿ, ಕಂದು ಗೋಡೆಗಳ ಮೇಲೆ ಎದ್ದು ಕಾಣುವಂತೆ ಹಸಿರು ಬಣ್ಣ ಕೊಟ್ಟನು. ಮೌಸನ್ನು 800 ಡಿಪಿಐಗೆ, ಸೆನ್ಸಿಟಿವಿಟಿಯನ್ನು 1ಕ್ಕೆ ತಂದನು. ಮೊಣಕೈ ತಾಗದಂತೆ ಮೇಜನ್ನು ತೆರವು ಮಾಡಿದವರು ನಾವು.

ಮೊದಲ ವಾರ ಕೈ ಒಗ್ಗದೆ ಇನ್ನಷ್ಟು ಸೋತನು. ಅಂಕಿಗಳನ್ನು ಮತ್ತೆ ಬದಲಿಸಲು ಹೊರಟಾಗ ನಾವು ತಡೆದೆವು. ಕೈಗೆ ರೂಢಿಯಾಗಬೇಕಾದರೆ ಅಳತೆ ನಿಲ್ಲಬೇಕು. ದಿನಕ್ಕೊಂದು ಅಳತೆಯಾದರೆ ಕೈ ಯಾವುದನ್ನು ನೆನಪಿಡಬೇಕು? ಡೊಂಕು ತಿದ್ದಿದ ಮೇಲೆ ಆ ಹಳೆಯ ಗಾದೆಗೆ ಮತ್ತೆ ಅಧಿಕಾರ ಬಂದಿತ್ತು. ಆದರೆ ಈ ಸಲ ನಾವು ಅದನ್ನು ಆಡಲಿಲ್ಲ, ಆಡಬೇಕಾಗಿಯೂ ಬರಲಿಲ್ಲ. ಒಂದು ತಿಂಗಳು ಏನನ್ನೂ ಮುಟ್ಟುವುದಿಲ್ಲವೆಂದು ಅವನೇ ಚೀಟಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದನು.

ಪಂದ್ಯದಲ್ಲಿ ಅವನ ತಂಡ ಎರಡನೆಯ ಸುತ್ತಿನಲ್ಲಿ ಸೋತಿತು. ಆ ರಾತ್ರಿ ದೂರವಾಣಿಯಲ್ಲಿ ಅವನು ಮೌಸಿನ ಮಾತನ್ನೇ ಎತ್ತಲಿಲ್ಲ. “ಅಜ್ಜಾರ, ನಾ ಮೂಲ್ಯಾಗ ಅವಸರ ಮಾಡಿದೆ” ಎಂದನು. ಗೆದ್ದ ಸುದ್ದಿ ಕೇಳಿದ್ದರೂ ನಮಗೆ ಇಷ್ಟು ಸಂತೋಷವಾಗುತ್ತಿರಲಿಲ್ಲವೇನೋ.

ಮನೆಯ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಮಕ್ಕಳು ನೆಲ ಡೊಂಕೆಂದಾಗ ಗಾದೆ ಹೇಳುವ ಮುನ್ನ ಒಮ್ಮೆ ಬಗ್ಗಿ ನೆಲವನ್ನು ನೋಡೋಣ. ಡೊಂಕಿದ್ದರೆ ಜೊತೆಗೂಡಿ ತಿದ್ದೋಣ. ಕುಣಿತವನ್ನು ಆ ಮೇಲೆ ಅವರೇ ಕಲಿಯುತ್ತಾರೆ.