ಚಂದ್ರಮತಿಯ ಮಮತೆ

ಗಾಂಧಿಪುರಂನಲ್ಲಿರುವ ನಾವು ನಾಲ್ಕಾರು ಕನ್ನಡ ಮನೆಯವರು ಭಾನುವಾರ ಸಂಜೆ ಒಂದೆಡೆ ಸೇರಿ ಜನ್ನನ ‘ಯಶೋಧರ ಚರಿತೆ’ ಓದಿದೆವು. ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ಹಳಗನ್ನಡ ಕಬ್ಬಿಣದ ಕಡಲೆ. ಆದ್ದರಿಂದ ಹಿರಿಯರು ಪದ್ಯ ಓದಿ ಅರ್ಥ ಹೇಳುತ್ತಿದ್ದರು. ಕಾವ್ಯ 1209ರದಾದರೂ ಅದರ ಮೇಲೆ ನಮ್ಮಲ್ಲಿ ನಡೆದ ವಾದ ಇಂದಿನದೇ.

ಕಥೆ ವಾಚಕರಿಗೆ ತಿಳಿದದ್ದೇ. ಯಶೋಧರನಿಗೆ ರಾಣಿ ಅಮೃತಮತಿಯೆಂದರೆ ಪ್ರಾಣ. ಆಕೆಯೋ ಇರುಳಲ್ಲಿ ಕೇಳಿದ ಹಾಡಿಗೆ ಸೋತು ಕುರೂಪಿ ಮಾವುತನ ಪಾಲಾದಳು. ಕಣ್ಣಾರೆ ಕಂಡ ಅರಸ ಕೊಲ್ಲದೆ ಹಿಂದಿರುಗಿದ. ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸೆಂದ. ಮಗನ ಕೇಡು ಕಳೆಯಲು ಬಲಿಯಾಗಲೇಬೇಕೆಂದು ಚಂದ್ರಮತಿ ಹಟ ಹಿಡಿದಳು. ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪಿಗೆಯಾಯಿತು. ಕಡಿದಾಗ ಅದೂ ಕೂಗಿತು! ಬಳಿಕ ತಾಯಿ, ಮಗ ಇಬ್ಬರಿಗೂ ರಾಣಿ ವಿಷವಿಕ್ಕಿದಳು.

ಹಿರಿಯ ಹೆಂಗಸರು ಅಮೃತಮತಿಯ ಹೆಸರಿಗೇ ಮುಖ ಸಿಂಡರಿಸಿದರು. ಸೊಸೆಯೊಬ್ಬಳು ಮಾತ್ರ, “ಅತ್ತೆ, ಬಲಿಯ ಮಾತೆತ್ತಿದವಳು ತಾಯಿಯಲ್ಲವೇ? ಮಗ ಏಕೆ ಸೊರಗಿದ್ದಾನೆಂದು ಒಮ್ಮೆ ಬಿಡಿಸಿ ಕೇಳಬಾರದಿತ್ತೇ?” ಎಂದಳು. ಎಲ್ಲರೂ ಸುಮ್ಮನಾದೆವು. ಆ ಅತ್ತೆ ಮೂಡಬಿದಿರೆಯಿಂದ ಹತ್ತು ದಿನಕ್ಕೆಂದು ಬಂದವರು. ಮಗ ಕೆಲಸ ಬಿಟ್ಟು ಊರ ತೋಟಕ್ಕೆ ಮರಳಬೇಕೆಂಬುದು ಅವರ ಒಂದೇ ಮಾತು. ಮಕ್ಕಳ ಶಾಲೆ ಇಲ್ಲಿದೆ. ಆ ಮಗ ಕಾಫಿ ಲೋಟ ನೋಡುತ್ತಾ ಕುಳಿತಿದ್ದರು.

ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ರಾಣಿ ಜೈನಳು, ಅತ್ತೆ ಅಲ್ಲ, ನಡುವೆ ಅರಸ. ಅಲ್ಲಿ ಈ ಜಗ್ಗಾಟ ಇನ್ನೂ ನಿಚ್ಚಳ. ನಮ್ಮ ಈ ಕೊಂಗುನಾಡಿನ ಕೊಂಗುವೇಳಿರ್ ರಚಿಸಿದ ತಮಿಳು ಜೈನಕಾವ್ಯ ‘ಪೆರುಂಗದೈ’ಯಲ್ಲಿಯೂ ಹೆಂಡತಿಯ ಮೋಹದಲ್ಲಿ ರಾಜ್ಯ ಮರೆತ ಉದಯನನನ್ನು ಎಚ್ಚರಿಸಲು, ವಾಸವದತ್ತೆ ಬೆಂಕಿಯಲ್ಲಿ ಸತ್ತಳೆಂದು ಮಂತ್ರಿ ಯೂಗಿ ನಂಬಿಸುತ್ತಾನೆ. ಸ್ವಾಮಿನಿಷ್ಠೆಯೂ ಎಂಥ ನಿರ್ದಯ ಪ್ರೀತಿ!

ಜನ್ನ ಅಮೃತಮತಿಯನ್ನು ನರಕಕ್ಕೆ ಕಳಿಸಿ ಕೈತೊಳೆದುಕೊಂಡ. ಅವಳ ಮನಸ್ಸನ್ನು ಇನ್ನಷ್ಟು ಬಗೆದು ನೋಡಬಹುದಿತ್ತೆಂದು ನಮಗೆ ತೋರುತ್ತದೆ. ತಾಯಿ-ಮಗನ ನಂಟನ್ನು ಮಾತ್ರ ಅವನು ಭವಭವಕ್ಕೂ ಬೆನ್ನಟ್ಟಿದ. ಮಗ ನವಿಲಾದ, ತಾಯಿ ನಾಯಿಯಾದಳು. ಅದೇ ಅರಮನೆಯಲ್ಲಿ ನಾಯಿ ನವಿಲನ್ನು ಕೊಂದಿತು. ಯಾವ ಮಗನಿಗಾಗಿ ಬಲಿ ಬೇಡಿದಳೋ ಅವನನ್ನೇ! ಇದನ್ನು ಓದುವಾಗ ಮೂಡಬಿದಿರೆಯ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಷ್ಟೋ ಜನ್ಮಗಳ ಮೇಲೆ ಇಬ್ಬರೂ ಅಭಯರುಚಿ, ಅಭಯಮತಿ ಎಂಬ ಒಡಹುಟ್ಟಿದವರಾಗುತ್ತಾರೆ. ಮಾರಿಯ ಗುಡಿಗೆ ಬಲಿಗೆಂದು ತಂದಾಗ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುತ್ತಾರೆ.

“ತಾಯಿ ತಂಗಿಯಾದಳೇ?” ಎಂದು ಅಮ್ಮ ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು, “ಹಾಗಾದರೆ ಅವನ ಮೇಲೆ ಅಧಿಕಾರ ಚಲಾಯಿಸುವಂತಿಲ್ಲ, ಪಾಪ” ಎಂದು ನಕ್ಕರು. ತೋಟದ ಮಾತು ಅಂದು ಬರಲಿಲ್ಲ. ಸೊಸೆ ಎದ್ದು ಅವರಿಗೆ ಇನ್ನೊಂದು ಲೋಟ ಕಾಫಿ ತಂದಳು.