ಏರಿನಲ್ಲಿ ನಿಲ್ಲುವ ಮಾರುತಿ

ಬೆಂಗಳೂರಿನಲ್ಲಿ ಬ್ಯಾಟರಾಯನಪುರ ಎರಡಿವೆ. ಮೈಸೂರು ರಸ್ತೆಯಲ್ಲೊಂದು, ಬಳ್ಳಾರಿ ರಸ್ತೆಯಲ್ಲೊಂದು. ಮನೆಗೆ ಬರುವ ನೆಂಟರು ಎಷ್ಟು ಸಲ ಬಾಪೂಜಿನಗರದ ಕಡೆ ಹೋಗಿ ಇಳಿದು ಫೋನ್ ಮಾಡಿದ್ದಾರೋ ಲೆಕ್ಕವಿಲ್ಲ. ಬೇಟೆಗೆ ಹೊರಟ ವಿಷ್ಣು ಬೇಟೆರಾಯ, ಜನರ ಬಾಯಲ್ಲಿ ಬ್ಯಾಟರಾಯ ಆದ. ಹಾಗಾಗಿ ಹೆಸರು ಎರಡೂ ಕಡೆ ಇದ್ದರೆ ಆಶ್ಚರ್ಯವೇನಿಲ್ಲ. ನಮ್ಮದು ಹೆಬ್ಬಾಳ ದಾಟಿ, ಕೊಡಿಗೇಹಳ್ಳಿ ಗೇಟ್ ಆದ ಮೇಲೆ ಸಿಗುವ ಬ್ಯಾಟರಾಯನಪುರ.

2007ರವರೆಗೆ ಇದಕ್ಕೆ ಸ್ವಂತ ನಗರಸಭೆ ಇತ್ತು. ಆಮೇಲೆ ಬಿಬಿಎಂಪಿಗೆ ಸೇರಿತು. ಮರುವರ್ಷವೇ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದ ಈಚೆಗೆ ನಮ್ಮೂರು ಎಲ್ಲರೂ ದಾಟಿಹೋಗುವ ಊರಾಯಿತೇ ಹೊರತು ಬಂದು ನಿಲ್ಲುವ ಊರಾಗಲಿಲ್ಲ. ತಲೆಯ ಮೇಲೆ ಎತ್ತರದ ರಸ್ತೆ, ಅದರ ಪಕ್ಕ ಮೆಟ್ರೊ ಕಂಬಗಳು. ಮೇಲೆ ಹೋಗುವವರಿಗೆ ಕೆಳಗೆ ಊರಿದೆ ಅಂತಲೂ ಗೊತ್ತಾಗಲ್ಲ. ಗೊತ್ತಾಗಬೇಕಾದರೆ ಗಾಡಿ ಕೆಡಬೇಕು!

ಗಾಡಿ ಕೆಟ್ಟವರಿಗೆ ಸಿಗುವ ಬ್ಯಾಟರಾಯನಪುರವೇ ಬೇರೆ. ಸರ್ವಿಸ್ ರಸ್ತೆಯಿಂದ ಒಳಗೆ ತಿರುಗಿದರೆ ಪಂಕ್ಚರ್ ಅಂಗಡಿ, ಬ್ಯಾಟರಿ ಅಂಗಡಿ, ಟಿಂಕರಿಂಗ್ ಕೆಲಸದ ಟಪಟಪ. ಅದರಾಚೆ ಒಂದು ಹೊಂಗೆ ಮರ, ಮರದ ಕೆಳಗೆ ತಗಡಿನ ಶೆಡ್. ಬೋರ್ಡ್ ಇಲ್ಲ. ಅಲ್ಲಿರುವ ಮೆಕ್ಯಾನಿಕ್‌ಗೆ ಎಪ್ಪತ್ತರ ಹತ್ತಿರ ಇರಬೇಕು. ಎಲ್ಲರಿಗೂ ಅವರು ಭಾಯ್. ಲ್ಯಾಪ್‌ಟಾಪ್ ಚುಚ್ಚಿ ನೋಡುವ ಹೊಸ ಕಾರುಗಳನ್ನು ಅವರು ಮುಟ್ಟುವುದಿಲ್ಲ.

ನಮ್ಮದು 1996ರ ಮಾರುತಿ 800. ಬಿಳಿ ಬಣ್ಣ, ಕೆಎ-04. ಅಪ್ಪ ನಿವೃತ್ತಿಯಾದಾಗ ಬಂದ ಹಣದಲ್ಲಿ ತಂದದ್ದು. ಅಪ್ಪ ಹೋಗಿ ಒಂಬತ್ತು ವರ್ಷ. ಅಮ್ಮನಿಗೆ ಈಗ ವಾರಕ್ಕೆ ಎರಡು ದಿನ ಆರ್.ಟಿ. ನಗರದಲ್ಲಿ ಫಿಸಿಯೋಥೆರಪಿ. ಭುಜ ಎತ್ತಲಾಗದ ಅಮ್ಮ ಆಟೊ ಕುಲುಕಿದರೆ ನರಳುತ್ತಾರೆ, ಕ್ಯಾಬ್ ಅಂದರೆ ‘ಯಾರದೋ ಗಾಡಿ’ ಅನ್ನುತ್ತಾರೆ. ಮಾರುತಿಯ ಮುಂದಿನ ಸೀಟಿನಲ್ಲಿ ಮಾತ್ರ ಏನೂ ಹೇಳದೆ ಕೂರುತ್ತಾರೆ. ಅಂಥ ಕಾರು ಕಳೆದ ಬೇಸಿಗೆಯಲ್ಲಿ ಹೆಬ್ಬಾಳದ ಫ್ಲೈಓವರ್ ಏರುವಾಗ ನಿಂತುಬಿಡಲು ಶುರುವಾಯಿತು. ಮೊದಲು ಎರಡು ಜರ್ಕ್, ಆಮೇಲೆ ಆಕ್ಸಿಲರೇಟರ್ ಒತ್ತಿದರೂ ಉಸಿರಿಲ್ಲ, ಆಮೇಲೆ ಆಫ್. ಹಿಂದೆ ವಾಯುವಜ್ರ ಬಸ್ಸಿನ ಹಾರ್ನ್, ಪಕ್ಕದಲ್ಲಿ ಕಣ್ಣು ಮುಚ್ಚಿ ರಾಯರನ್ನು ನೆನೆಯುವ ಅಮ್ಮ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗದ ಹಾಗೆ ಸ್ಟಾರ್ಟ್!

ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದರು. ಇನ್ನೊಂದರಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಕಿಟ್ ಹಾಕಿದರು. ಬಿಲ್ ಬಂತು, ಕಾಯಿಲೆ ಹೋಗಲಿಲ್ಲ. ‘ಗುಜರಿಗೆ ಹಾಕಮ್ಮ’ ಅಂತ ಮಗ. ಈ ವರ್ಷ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸುವ ವರ್ಷ ಬೇರೆ. ಅವನ ಮಾತಿನಲ್ಲಿ ನ್ಯಾಯವಿತ್ತು. ಅಮ್ಮನನ್ನು ಕೂರಿಸಿಕೊಂಡು ನಡುರಸ್ತೆಯಲ್ಲಿ ನಿಲ್ಲುವ ಕಾರನ್ನು ಭಾವನೆಗಾಗಿ ಇಟ್ಟುಕೊಳ್ಳಲಾಗುತ್ತದೆಯೇ?

ಭಾಯ್ ಹತ್ತಿರ ಹೋದದ್ದು ಆಮೇಲೆ. ಅವರು ಬಾನೆಟ್ ತೆಗೆಯಲೇ ಇಲ್ಲ. ಸ್ಟೂಲ್ ಹಾಕಿ ಕೂರಿಸಿದರು.

“ಅಕ್ಕಾ, ಗಾಡಿಗೆ ಏನಾಗಿದೆ ಅಂತ ಬೇಡ. ಯಾವಾಗ ಆಗ್ತದೆ, ಅಷ್ಟು ಹೇಳಿ.”

ಬೆಳಿಗ್ಗೆ ಸ್ಟಾರ್ಟ್ ಆಗ್ತದಾ? ಒಂದೇ ಸಲಕ್ಕೆ. ನಿಂತಲ್ಲಿ ಐಡ್ಲಿಂಗ್? ಚೆನ್ನಾಗಿದೆ. ಸಪಾಟು ರಸ್ತೆಯಲ್ಲಿ? ತೊಂದರೆಯಿಲ್ಲ. ಏರಿನಲ್ಲಿ? ಅಲ್ಲೇ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ? ಇಲ್ಲ. ಟ್ಯಾಂಕ್ ತುಂಬಿದ್ದಾಗ ನಿಂತಿದೆಯಾ? ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಯೋಚಿಸಿದರೆ, ತುಂಬಿಸಿದ ವಾರ ಒಂದು ಸಲವೂ ನಿಂತಿರಲಿಲ್ಲ. “ಹಾಂ” ಅಂತ ಬೀಡಿ ಆರಿಸಿ ಎದ್ದರು.

ಹಳೆಯ ಮಾರುತಿಯಲ್ಲಿ ಪೆಟ್ರೋಲ್ ನಡೆಯುವ ದಾರಿ ತುಂಬ ಸರಳ. ಹಿಂದೆ ಟ್ಯಾಂಕ್, ಕಾರಿನ ಅಡಿಯಲ್ಲಿ ಲೋಹದ ಕೊಳವೆ, ಅದರ ಎರಡು ತುದಿಗೆ ರಬ್ಬರ್ ಪೈಪ್, ಮುಂದೆ ಫಿಲ್ಟರ್, ಪಂಪು, ಕಾರ್ಬ್ಯುರೇಟರ್. ಪಂಪಿಗೆ ಕರೆಂಟಿಲ್ಲ, ಇಂಜಿನ್ ತಿರುಗುವಾಗ ಕ್ಯಾಮ್ ಒತ್ತಿ ಒತ್ತಿ ನಡೆಸುತ್ತದೆ. ಭಾಯ್ ಬಾಯಲ್ಲಿ ಅದು ‘ಎ.ಸಿ. ಪಂಪು’. ತಂಪು ಗಾಳಿಯ ಎ.ಸಿ.ಗೂ ಇದಕ್ಕೂ ಸಂಬಂಧವಿಲ್ಲ! ಪಂಪು ಮುಂದಿದೆ, ಟ್ಯಾಂಕ್ ಹಿಂದಿದೆ. ಅಂದರೆ ಪಂಪು ಪೆಟ್ರೋಲನ್ನು ಸ್ಟ್ರಾನಲ್ಲಿ ಎಳನೀರು ಹೀರಿದ ಹಾಗೆ ಹೀರಬೇಕು. ಕಾರು ಏರಿಗೆ ಮೂತಿ ಎತ್ತಿದಾಗ ಟ್ಯಾಂಕ್ ಇನ್ನೂ ಕೆಳಗಾಗುತ್ತದೆ, ಇಂಜಿನ್ನಿಗೆ ಬೇಕಾದ ಪೆಟ್ರೋಲ್ ಆಗಲೇ ಜಾಸ್ತಿ. ಟ್ಯಾಂಕಿನಲ್ಲಿ ಕಡಿಮೆ ಇದ್ದರಂತೂ ಹೀರುವ ಕಷ್ಟ ಇನ್ನೂ ಹೆಚ್ಚು.

ಭಾಯ್ ಮೊದಲು ಕಾರಿನ ಮುಂದಿನ ಚಕ್ರಗಳನ್ನು ಶೆಡ್ಡಿನ ಇಳಿಜಾರಿಗೆ ಹತ್ತಿಸಿ ಮೂತಿ ಮೇಲಾಗಿ ನಿಲ್ಲಿಸಿದರು. ಇಂಜಿನ್ ರೇಸ್ ಮಾಡಿದರು. ಸ್ವಲ್ಪ ಹೊತ್ತಿಗೆ ಅದೇ ಜರ್ಕ್, ಆಫ್. ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆದು ಕಿವಿಗೊಟ್ಟರು. ಮುಚ್ಚಳದ ಗಾಳಿ ದಾರಿ ಕಟ್ಟಿದ್ದರೆ ‘ಸುಂಯ್’ ಅಂತ ಗಾಳಿ ಒಳಗೆ ನುಗ್ಗುತ್ತದಂತೆ. ಸದ್ದಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಮತ್ತೆ ರೇಸ್ ಮಾಡಿದರು. ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಅಡ್ಡ ನಿಂತಿದ್ದರೆ ಇದರಿಂದ ಸರಿಹೋಗಬೇಕು. ಪದ್ಮಿನಿ ಕಾರು ಓಡಿಸಿದವರಿಗೆಲ್ಲ ಈ ಒದ್ದೆ ಬಟ್ಟೆಯ ವಿದ್ಯೆ ಗೊತ್ತು. ಇಲ್ಲಿ ಅದೂ ಅಲ್ಲ.

ಕಾರ್ಬ್ಯುರೇಟರಿನ ಪಕ್ಕದಲ್ಲಿ ನಮ್ಮ ಬಳೆಯ ಬಿಲ್ಲೆಯಷ್ಟು ಗಾಜಿನ ಕಿಟಕಿ ಇದೆ. ಇಷ್ಟು ವರ್ಷ ಓಡಿಸಿದರೂ ನಾನು ಅದನ್ನು ನೋಡಿದ್ದು ಅವತ್ತೇ. ಪೆಟ್ರೋಲ್ ಅದರ ಮಧ್ಯದ ಗುರುತಿನವರೆಗೆ ಕಾಣಬೇಕು. ಕಾರು ಆಫ್ ಆದಾಗ ಅಲ್ಲಿ ಮಟ್ಟ ತೀರಾ ಕೆಳಗಿತ್ತು. ಅಂದರೆ ಕಾರ್ಬ್ಯುರೇಟರ್ ಕೆಟ್ಟಿಲ್ಲ, ಅದಕ್ಕೆ ಊಟ ಬಂದಿಲ್ಲ. ಆಮೇಲೆ ಪ್ಲಾಸ್ಟಿಕ್ ಫಿಲ್ಟರ್ ತೋರಿಸಿದರು. ಹಳದಿ ಪೆಟ್ರೋಲಿನ ನಡುವೆ ಸೋಡಾದ ಹಾಗೆ ಗುಳ್ಳೆಗಳ ಸಾಲು.

“ಪೆಟ್ರೋಲ್ ಜೊತೆ ಗಾಳಿ ಕುಡೀತಾ ಐತೆ.”

ಒಂದು ಬಾಟಲಿಯಲ್ಲಿ ಪೆಟ್ರೋಲ್ ಹಾಕಿ, ಅದರಿಂದ ನೇರ ಪಂಪಿಗೆ ಪೈಪ್ ಕೊಟ್ಟರು. ಮೂತಿ ಎತ್ತಿದ್ದ ಕಾರು ಎಷ್ಟು ರೇಸ್ ಮಾಡಿದರೂ ನಿಲ್ಲಲಿಲ್ಲ. ಪಂಪು, ಕಾರ್ಬ್ಯುರೇಟರ್, ಪ್ಲಗ್ ಎಲ್ಲ ಆ ಕ್ಷಣಕ್ಕೇ ನಿರಪರಾಧಿಗಳಾದವು. ದೋಷ ಪಂಪಿನಿಂದ ಹಿಂದಕ್ಕೆ. (ಇದನ್ನು ಓದಿ ಮನೆಯಲ್ಲಿ ಯಾರೂ ಮಾಡಬೇಡಿ. ಬಿಸಿ ಇಂಜಿನ್ ಪಕ್ಕ ಪೆಟ್ರೋಲ್ ಬಾಟಲಿ ಅಂದರೆ ಬೆಂಕಿಯ ಜೊತೆ ಆಟ. ಭಾಯ್ ಕೂಡ ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು, ಬೀಡಿ ಹುಡುಗರನ್ನು ಆಚೆ ಕಳಿಸಿಯೇ ಮಾಡಿದ್ದು.)

ಕಾರಿನಡಿ ನುಸುಳಿದವರು ಟ್ಯಾಂಕಿನ ಬಾಯಿಯ ರಬ್ಬರ್ ಪೈಪ್ ಕತ್ತರಿಸಿ ತಂದರು. ನೋಡಲು ಚೆನ್ನಾಗಿಯೇ ಇತ್ತು. ಬಗ್ಗಿಸಿದಾಗ ಒಣಗಿದ ಕೆರೆಯಂಗಳದ ಹಾಗೆ ಸೀಳುಗಳು ಬಾಯಿಬಿಟ್ಟವು. “ಹಾಗಾದರೆ ಕೆಳಗೆ ಪೆಟ್ರೋಲ್ ಸೋರಬೇಕಿತ್ತಲ್ಲ ಭಾಯ್? ಒಂದು ತೊಟ್ಟೂ ಬಿದ್ದಿಲ್ಲ” ಅಂದೆ.

“ಹೀರೋ ಪೈಪು ಅಕ್ಕ ಇದು. ತೂತು ಇದ್ರೆ ಒಳಗಿಂದು ಆಚೆ ಬರಲ್ಲ, ಆಚೆ ಗಾಳಿ ಒಳಗೆ ಹೋಗ್ತದೆ. ಅದಕ್ಕೇ ಯಾರಿಗೂ ಸಿಕ್ಕಿಲ್ಲ.”

ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಕಬ್ಬು, ಜೋಳದಿಂದ ಬರುವ ಈ ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಆ ಕಾಲದ ರಬ್ಬರಿಗೆ ಆಗಿಬರುವುದಿಲ್ಲ. ನಮ್ಮ ಪೈಪ್ ಹಾಳಾದದ್ದು ಅದರಿಂದಲೋ ಮೂವತ್ತು ವರ್ಷದ ವಯಸ್ಸಿನಿಂದಲೋ ಅಂತ ಭಾಯ್ ತೀರ್ಪು ಕೊಡಲಿಲ್ಲ. “ಎರಡೂ ಇರ್ತದೆ” ಅಂದರು. ಆದರೆ ಹಳೆ ಕಾರಿನವರು ಪೆಟ್ರೋಲ್ ದಾರಿಯ ರಬ್ಬರ್‌ಗಳನ್ನೆಲ್ಲ ಎಥೆನಾಲ್ ತಡೆಯುವ ಹೊಸ ಪೈಪಿಗೆ ಬದಲಾಯಿಸುವುದು ಒಳ್ಳೆಯದು ಅನ್ನುವುದು ಅವರ ಮಾತು, ನನಗೂ ಸರಿ ಅನ್ನಿಸಿತು. ಹುಡುಗನನ್ನು ಜೆ.ಸಿ. ರಸ್ತೆಗೆ ಕಳಿಸಿ ಪೈಪು, ಕ್ಲಿಪ್ಪು ತರಿಸಿದರು. ಜೊತೆಗೊಂದು ಹೊಸ ಫಿಲ್ಟರ್. ಕಾಯುವಷ್ಟು ಹೊತ್ತು ಹೊಂಗೆ ನೆರಳಲ್ಲಿ ಚಹಾ ಕುಡಿದೆ. ಜಕ್ಕೂರಿನ ಕಡೆಯಿಂದ ಒಂದು ಪುಟಾಣಿ ವಿಮಾನ ತಲೆಯ ಮೇಲೆ ಹೋಯಿತು. ಶೆಡ್ಡಿನ ಜಾಗದ ಮಾಲೀಕರು ಅಪಾರ್ಟ್‌ಮೆಂಟ್‌ನವರ ಜೊತೆ ಮಾತಾಡುತ್ತಿದ್ದಾರೆ ಅಂತ ಭಾಯ್ ಅಷ್ಟರಲ್ಲಿ ಹೇಳಿದರು, ಬೇರೆಯವರ ಸುದ್ದಿ ಹೇಳುವ ಹಾಗೆ. ಬಿಲ್ ಹಿಂದಿನ ಎರಡು ಗ್ಯಾರೇಜುಗಳ ಬಿಲ್ಲಿನ ಕಾಲುಭಾಗವೂ ಆಗಲಿಲ್ಲ.

ಪೆಟ್ರೋಲ್ ತುಂಬಿಸಬೇಡಿ, ಕಡಿಮೆ ಇದ್ದಾಗಲೇ ಹೆಬ್ಬಾಳ ಹತ್ತಿಸಿ ನೋಡಿ ಅಂತ ಹೇಳಿ ಕಳಿಸಿದ್ದರು. ಮರುದಿನ ಮಧ್ಯಾಹ್ನ, ಮುಳ್ಳು ಕಾಲು ಟ್ಯಾಂಕಿಗಿಂತ ಕೆಳಗಿರುವಾಗ, ನಾನೊಬ್ಬಳೇ ಎರಡು ಸಲ ಏರಿದೆ. ಆಮೇಲೇ ಅಮ್ಮನನ್ನು ಕೂರಿಸಿಕೊಂಡದ್ದು. ಈಗ ನಾಲ್ಕು ತಿಂಗಳಾಯಿತು, ಒಂದು ಜರ್ಕ್ ಇಲ್ಲ. ಮಗ ಗುಜರಿಯ ಮಾತು ಬಿಟ್ಟಿದ್ದಾನೆ, ಯಲಹಂಕ ಆರ್‌ಟಿಒದಲ್ಲಿ ಎಫ್‌ಸಿಗೆ ದಿನಾಂಕ ನೋಡುತ್ತಿದ್ದಾನೆ. ಅದಕ್ಕೂ ಮೊದಲು ಸೈಲೆನ್ಸರ್ ಒಂದು ನೋಡಬೇಕು, ಶೆಡ್ ಇರುವಾಗಲೇ ಬನ್ನಿ ಅಂದಿದ್ದಾರೆ ಭಾಯ್.